ಅರಬ್ಬಿಯಲ್ಲಿ ಮೂರು ಪುಸ್ತಕ ಕೊಳ್ಳುವ ಕಷ್ಟ

ಅರಬ್ಬಿ ಕಲಿಯಲು ಹೊರಟವರನ್ನು ಎಲ್ಲರೂ ಲಿಪಿ ತೋರಿಸಿಯೇ ಹೆದರಿಸುತ್ತಾರೆ. ಬಲದಿಂದ ಎಡಕ್ಕೆ ಬರೆಯಬೇಕಂತೆ, ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲವಂತೆ! ಇರುವುದು ಬರೀ 28 ಅಕ್ಷರ ಸ್ವಾಮಿ. ಕಾಗುಣಿತ, ಒತ್ತಕ್ಷರ ಎಲ್ಲ ದಾಟಿ ಬಂದ ನಮಗೆ ಅದ್ಯಾವ ದೊಡ್ಡ ವಿಷಯ? ಬೆವರಿಳಿಸುವುದು ಲಿಪಿಯಲ್ಲ, ಎಣಿಕೆ.

ಪುಸ್ತಕದಂಗಡಿಗೆ ಹೋಗಿದ್ದೀರಿ ಅನ್ನಿ. ಒಂದು ಪುಸ್ತಕ ಬೇಕೆ? 'ಕಿತಾಬ್' ಅಂದರೆ ಸಾಕು. ಎರಡು ಬೇಕೆ? 'ಕಿತಾಬಾನ್'. ಸಂಸ್ಕೃತದ ಹಾಗೆ ಇಲ್ಲೂ ದ್ವಿವಚನವುಂಟು. ಮೂರು ಬೇಕೆಂದಿರೋ, ಕೆಟ್ಟಿರಿ. ಬಹುವಚನ 'ಕುತುಬ್'. ಪುಸ್ತಕ ಪುಲ್ಲಿಂಗ, ಆದ್ದರಿಂದ ಅದರ ಮುಂದೆ ನಿಲ್ಲುವ ಮೂರು ಸ್ತ್ರೀವೇಷ ಕಟ್ಟಬೇಕು: 'ಥಲಾಥತು ಕುತುಬ್'. ಕಾರು ಸ್ತ್ರೀಲಿಂಗ, ಅದಕ್ಕೆ ಗಂಡು ಮೂರು: 'ಥಲಾಥು ಸಯ್ಯಾರಾತ್'. ಹತ್ತರವರೆಗೂ ಇದೇ ಅದಲುಬದಲು. ಇಷ್ಟೆಲ್ಲ ಮಾಡಿ ಕೊಂಡ ಪುಸ್ತಕಗಳನ್ನು 'ಹೊಸವು' ಎಂದು ಹೊಗಳಲು ಹೋದರೆ ಇನ್ನೊಂದು ಪೇಚು. ಮನುಷ್ಯರಲ್ಲದ್ದು ಎಷ್ಟೇ ಇರಲಿ, ಗುಂಪಾದ ಕೂಡಲೇ ವ್ಯಾಕರಣಕ್ಕೆ ಅದು 'ಅವಳು'. ಒಂಟಿಯಾಗಿದ್ದಾಗ ಗಂಡಸಾಗಿದ್ದ ಪುಸ್ತಕ, ನಾಲ್ಕು ಜನ ಸೇರಿದೊಡನೆ ಒಬ್ಬಳೇ ಹೆಂಗಸು!

ಹನ್ನೊಂದಕ್ಕೆ ಬಂದರೆ ಉಸಿರಾಡಬಹುದು. ಅಲ್ಲಿಂದ ತೊಂಬತ್ತೊಂಬತ್ತರವರೆಗೆ ನಾಮಪದಕ್ಕೆ ಏಕವಚನವೇ ಸಾಕು. 'ಹನ್ನೊಂದು ಪುಸ್ತಕ ಕೊಡಿ' ಎನ್ನುವ ಕನ್ನಡಿಗನಿಗೆ ಇದು ಮನೆಯ ಪದ್ಧತಿಯೇ. ಆದರೆ ಹದಿಮೂರರಲ್ಲಿ ಮತ್ತೆ ತಕರಾರು: ಅದರೊಳಗಿನ ಮೂರು ಉಲ್ಟಾ ಲಿಂಗ, ಹತ್ತು ಸರಿಯಾದ ಲಿಂಗ.

ಅರಬ್ಬರೇನು ಲೆಕ್ಕ ಬಾರದ ಜನವೇ? ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ಅರಬ್ಬಿಯಲ್ಲಿ ಬರೆದ ಗ್ರಂಥದ 'ಅಲ್-ಜಬ್ರ್' ಎಂಬ ಮಾತಿನಿಂದಲೇ ಆಲ್ಜೀಬ್ರಾ ಹುಟ್ಟಿದ್ದು. ಲೋಕವೆಲ್ಲ 'ಅರೇಬಿಕ್ ಅಂಕಿ' ಎಂದು ಕೊಂಡಾಡುತ್ತಿದ್ದರೆ, ಅರಬ್ಬರು ತಮ್ಮ ಅಂಕಿಗಳನ್ನು 'ಹಿಂದೀ ಅಂಕಿ' ಎನ್ನುತ್ತಾರೆ. ಬಲದಿಂದ ಎಡಕ್ಕೆ ಸಾಗುವ ಸಾಲಿನ ನಡುವೆ ಈ ಅಂಕಿಗಳು ಮಾತ್ರ ನಮ್ಮ ಹಾಗೆ ದೊಡ್ಡ ಸ್ಥಾನವನ್ನು ಎಡಕ್ಕೇ ಇಟ್ಟುಕೊಂಡು ನಿಲ್ಲುತ್ತವೆ. ಇನ್ನು ಈ ಭಾಷೆಯ ನಿಯಮಗಳನ್ನು ಮೊದಲ ದೊಡ್ಡ ವ್ಯಾಕರಣಗ್ರಂಥದಲ್ಲಿ ಕಟ್ಟಿಕೊಟ್ಟವನು ಎಂಟನೆಯ ಶತಮಾನದ ಸೀಬವೈಹಿ. ಬಸ್ರಾದಲ್ಲಿ ಓದಿದವನು, ಹುಟ್ಟಿನಿಂದ ಪರ್ಷಿಯಾದವನು! ಪರರ ಭಾಷೆಯನ್ನು ತಿದ್ದಿತೀಡಿ ಕಲಿತವನಿಗಲ್ಲವೇ ಅದರ ಮುಳ್ಳುಗಳ ಪರಿಚಯ?

ಗಾಬರಿಯಾಗಬೇಡಿ. ಈ ಮಡಿಯೆಲ್ಲ ಪುಸ್ತಕ, ಪತ್ರಿಕೆ, ಭಾಷಣಗಳ 'ಫುಸ್‌ಹಾ'ಗೆ. ಮನೆಯಲ್ಲಿ, ಸಂತೆಯಲ್ಲಿ ಆಡುವುದು 'ಆಮ್ಮಿಯಾ'. ಕೈರೋದ ಬೀದಿಯಲ್ಲಿ ಪುಸ್ತಕಕ್ಕೂ ಕಾರಿಗೂ ಒಂದೇ 'ತಲತ್' ಸಾಕು, ಗಂಡು ಹೆಣ್ಣೆಂಬ ಗೊಡವೆಯಿಲ್ಲ. ಫುಸ್‌ಹಾದ ಸಂಖ್ಯೆಗಳಲ್ಲಿ ಓದಿದ ಅರಬ್ಬರೇ ಎಡವುವುದುಂಟು.

ಆದರೂ ಶುದ್ಧ ಅರಬ್ಬಿಯನ್ನೇ ಆಡುತ್ತೇನೆಂಬ ಹಟವಿದ್ದರೆ ನನ್ನದೊಂದು ಸಲಹೆ. ಅಂಗಡಿಯಲ್ಲಿ ಎರಡು ಪುಸ್ತಕ ಕೊಳ್ಳಿ. ಆಸೆ ಹೆಚ್ಚಿದ್ದರೆ ಒಟ್ಟಿಗೇ ಹನ್ನೊಂದು ಕೊಳ್ಳಿ. ಖರ್ಚು ಹೆಚ್ಚಾದರೂ ಮಾನ ಉಳಿಯುತ್ತದೆ.