ಮರಡೋನಾ ಮರಣ ಮೀಮಾಂಸೆ

ಯಾವನ ಸಾವಿನ ಸುದ್ದಿ ಕಿವಿಗೆ ಬಿದ್ದೊಡನೆ ಅಭಿಮಾನಿಯಾದವನು ಅಳುವುದಕ್ಕೆ ಮುಂಚೆ ಅಕ್ಕಪಕ್ಕ ಯಾರಿದ್ದಾರೆಂದು ಒಮ್ಮೆ ನೋಡಿಕೊಳ್ಳುತ್ತಾನೋ ಅಂಥವನನ್ನು ಕಳಂಕಿತ ಮಹಾಪುರುಷ ಎನ್ನುತ್ತಾರೆ. ಈ ಲಕ್ಷಣಕ್ಕೆ ಅವ್ಯಾಪ್ತಿ ದೋಷವಿಲ್ಲ. ಅತಿವ್ಯಾಪ್ತಿ ಮಾತ್ರ ಇದೆ. ಆಸ್ತಿ ಹಂಚದೆ ತೀರಿಕೊಂಡ ಸೋದರಮಾವನಿಗೂ ಇದು ಹೊಂದುತ್ತದೆ. 'ಫುಟ್‌ಬಾಲ್ ಆಡಿದ' ಎಂಬ ವಿಶೇಷಣ ಸೇರಿಸಿಕೊಂಡರೆ ಲಕ್ಷಣ ನಿರ್ದುಷ್ಟವಾಗುತ್ತದೆ. ಒಳ್ಳೆಯವನು ಸತ್ತರೆ ಅಳು, ಕೆಟ್ಟವನು ಸತ್ತರೆ ನಿಟ್ಟುಸಿರು. ಇವೆರಡಕ್ಕೂ ಶಾಸ್ತ್ರ ಬೇಕಿಲ್ಲ, ಸತ್ತ ಎಮ್ಮೆಗೆ ಹಾಲು ಹೆಚ್ಚು ಎಂಬ ಲೋಕನ್ಯಾಯವೇ ಸಾಕು. ಎರಡೂ ಒಂದೇ ಮೈಯಲ್ಲಿ ಕೂಡಿ, ಆ ಮೈಮೇಲೆ ಹತ್ತನೆಯ ನಂಬರಿನ ಅಂಗಿಯೂ ಇದ್ದಾಗ ಲೋಕನ್ಯಾಯ ಕೈಚೆಲ್ಲುತ್ತದೆ, ಮೀಮಾಂಸೆ ಶುರುವಾಗುತ್ತದೆ.

ಈ ಶಾಸ್ತ್ರಕ್ಕೆ ಸರ್ವಸಮ್ಮತ ಉದಾಹರಣೆ ಡಿಯೆಗೊ ಅರ್ಮಾಂಡೊ ಮರಡೋನಾ. ಜನನ 1960ರ ಅಕ್ಟೋಬರ್ 30. ಬೆಳೆದದ್ದು ಬ್ಯೂನಸ್ ಐರಿಸ್ ಅಂಚಿನ ವಿಲ್ಲಾ ಫಿಯೊರಿಟೊ ಎಂಬ ಕೊಳೆಗೇರಿಯಲ್ಲಿ. ಮರಣ 2020ರ ನವೆಂಬರ್ 25, ಟಿಗ್ರೆಯ ಬಾಡಿಗೆ ಮನೆಯೊಂದರಲ್ಲಿ, ಹೃದಯ ವೈಫಲ್ಯದಿಂದ. ನವೆಂಬರ್ 25 ಈ ಶಾಸ್ತ್ರದ ಮಟ್ಟಿಗೆ ಪರ್ವದಿನ. ಕಾಲಿನಲ್ಲಿ ಚೆಂಡನ್ನೂ ಕೈಯಲ್ಲಿ ಗ್ಲಾಸನ್ನೂ ಬಿಡದ ಜಾರ್ಜ್ ಬೆಸ್ಟ್ 2005ರಲ್ಲಿ ಸತ್ತದ್ದು ಅಂದೇ. ಮರಡೋನಾ ತನ್ನ ಕಾಲಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದ ಫಿಡೆಲ್ ಕ್ಯಾಸ್ಟ್ರೊ 2016ರಲ್ಲಿ ಸತ್ತದ್ದೂ ಅಂದೇ. ಮಹಿಳೆಯರ ಮೇಲಿನ ದೌರ್ಜನ್ಯದ ನಿರ್ಮೂಲನೆಗೆಂದು ವಿಶ್ವಸಂಸ್ಥೆ ಮೀಸಲಿಟ್ಟ ದಿನವೂ ಅದೇ. ಮೊದಲ ಎರಡು ಯೋಗಗಳನ್ನು ಪತ್ರಿಕೆಗಳು ಕೂಡಲೇ ಗುರುತಿಸಿ ಬೆರಗುಪಟ್ಟವು. ಮೂರನೆಯದನ್ನು ಗುರುತಿಸಿದವರು ಕಡಿಮೆ. ಅವರ ವಿಷಯ ಮುಂದೆ ಬರುತ್ತದೆ.

ದೋಷಗಳನ್ನು ದೃಷ್ಟ, ಅದೃಷ್ಟ ಎಂದು ಎರಡಾಗಿ ವಿಂಗಡಿಸುವುದು ರೂಢಿ. ಟೆಲಿವಿಷನ್ನಿನಲ್ಲಿ ಕಂಡದ್ದು ದೃಷ್ಟ, ಕಾಣದ್ದು ಅದೃಷ್ಟ. ಮರಡೋನಾನ ಅದೃಷ್ಟ ದೋಷಗಳು ಹಲವು. ಕೊಕೇನ್ ಸೇವನೆಗಾಗಿ 1991ರಲ್ಲಿ 15 ತಿಂಗಳ ನಿಷೇಧ. 1994ರ ಫೆಬ್ರುವರಿಯಲ್ಲಿ ಮನೆ ಮುಂದೆ ಕಾದಿದ್ದ ಪತ್ರಕರ್ತರ ಮೇಲೆ ಏರ್‌ಗನ್ ಪ್ರಯೋಗ. ಅದೇ ವರ್ಷದ ವಿಶ್ವಕಪ್ಪಿನಲ್ಲಿ ಎಫೆಡ್ರಿನ್ ಪತ್ತೆಯಾಗಿ, ಎರಡೇ ಪಂದ್ಯ ಆಡಿ ಮನೆಗೆ. ನೇಪಲ್ಸ್‌ನ ಭೂಗತ ಸಂಘಟನೆ ಕಮೋರಾದವರ ಜೊತೆ ನಗುನಗುತ್ತ ತೆಗೆಸಿಕೊಂಡ ಫೋಟೊಗಳು. 1986ರಲ್ಲಿ ಹುಟ್ಟಿದ ಮಗನನ್ನು 2016ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡದ್ದು. ಮಹಿಳೆಯರ ಮೇಲೆ ಕೈ ಮಾಡಿದ ಆರೋಪಗಳು. ಇಟಲಿಯ ತೆರಿಗೆ ಇಲಾಖೆಯೊಂದಿಗಿನ ವ್ಯಾಜ್ಯವನ್ನೂ ಈ ಪಟ್ಟಿಗೆ ಸೇರಿಸುವುದಿತ್ತು; 2009ರಲ್ಲಿ ಅಧಿಕಾರಿಗಳು ಆತನ ಕಿವಿಯೋಲೆಯನ್ನೇ ಜಪ್ತಿ ಮಾಡಿದ್ದರು. ಆದರೆ ಸತ್ತು ಮೂರು ವರ್ಷದ ಮೇಲೆ ಆ ದೇಶದ ಉನ್ನತ ನ್ಯಾಯಾಲಯ ಆತನ ಪರವಾಗಿಯೇ ತೀರ್ಪು ಕೊಟ್ಟಿತು. ಪಟ್ಟಿಯಿಂದ ಒಂದು ದೋಷ ಇಳಿಯಿತು. ಓಲೆ ತೊಡುವ ಕಿವಿ ಮಾತ್ರ ಆಗ ಇರಲಿಲ್ಲ.

ದೃಷ್ಟ ದೋಷ ಒಂದೇ ಒಂದು. 1986ರ ಜೂನ್ 22ರಂದು ಮೆಕ್ಸಿಕೊ ನಗರದ ಅಜ್ಟೆಕಾ ಕ್ರೀಡಾಂಗಣದಲ್ಲಿ, ಇಂಗ್ಲೆಂಡ್ ವಿರುದ್ಧದ ಕ್ವಾರ್ಟರ್ ಫೈನಲ್‌ನ 51ನೆಯ ನಿಮಿಷದಲ್ಲಿ ಮರಡೋನಾ ಗೋಲ್‌ಕೀಪರ್ ಪೀಟರ್ ಶಿಲ್ಟನ್‌ಗಿಂತ ಮೇಲೆ ಜಿಗಿದು ಎಡಗೈಯಿಂದ ಚೆಂಡನ್ನು ಗೋಲಿಗೆ ತಳ್ಳಿದ. ಟ್ಯುನೀಷಿಯಾದ ರೆಫರಿ ಅಲಿ ಬಿನ್ ನಾಸರ್ ಅದನ್ನು ಗೋಲೆಂದರು. ಹೀಗೆ ಇದು ದೃಷ್ಟಿದೋಷದಿಂದ ಹುಟ್ಟಿದ ದೃಷ್ಟ ದೋಷ. ಸ್ವಲ್ಪ ತನ್ನ ತಲೆಯಿಂದ, ಸ್ವಲ್ಪ ದೇವರ ಕೈಯಿಂದ ಎಂದು ಆತ ಪಂದ್ಯದ ನಂತರ ವಿವರಣೆ ಕೊಟ್ಟ. ತಪ್ಪಿತಸ್ಥನು ತನ್ನ ಪಾಲುದಾರನ ಹೆಸರನ್ನು ತಾನಾಗಿಯೇ ಹೇಳಿದ, ಆ ಪಾಲುದಾರನು ಮಾತ್ರ ಇಂದಿಗೂ ನಿರಾಕರಿಸದ ಪ್ರಕರಣಗಳು ನ್ಯಾಯಶಾಸ್ತ್ರದಲ್ಲಿ ವಿರಳ.

ನಾಲ್ಕು ನಿಮಿಷ ಕಳೆದು ಅದೇ ಮನುಷ್ಯ ತನ್ನ ಅರ್ಧದಲ್ಲಿ ಚೆಂಡು ಪಡೆದು, ಇಂಗ್ಲೆಂಡಿನ ರಕ್ಷಣೆಯನ್ನೆಲ್ಲ ಸೀಳಿಕೊಂಡು ಹೋಗಿ, ಅದೇ ಶಿಲ್ಟನ್ನರನ್ನು ಸುತ್ತಿ ಎರಡನೆಯ ಗೋಲು ಹೊಡೆದ. 2002ರಲ್ಲಿ ಫಿಫಾ ನಡೆಸಿದ ಮತದಾನದಲ್ಲಿ ಅದು ಶತಮಾನದ ಗೋಲು ಎನಿಸಿಕೊಂಡಿತು. ಪಂದ್ಯ 2-1ರಲ್ಲಿ ಮುಗಿಯಿತು. ಶಾಸ್ತ್ರದ ತೊಡಕೆಲ್ಲ ಈ ನಾಲ್ಕು ನಿಮಿಷದ ಅಂತರದಲ್ಲಿದೆ. ಕಳ್ಳತನವೂ ದಾನವೂ ಬೇರೆ ಬೇರೆ ವರ್ಷಗಳಲ್ಲಿ ನಡೆದಿದ್ದರೆ ಜೀವನಚರಿತ್ರೆಕಾರರು ಒಂದನ್ನು ಯೌವನದ ಹುಡುಗಾಟಕ್ಕೂ ಇನ್ನೊಂದನ್ನು ಪ್ರೌಢಿಮೆಗೂ ಹಚ್ಚಿ ಮುಗಿಸುತ್ತಿದ್ದರು. ನಾಲ್ಕು ನಿಮಿಷದಲ್ಲಿ ಯಾರೂ ಪ್ರೌಢರಾಗುವುದಿಲ್ಲ. ಮೊದಲನೆಯದು ಇಂಗ್ಲಿಷರ ಜೇಬು ಕತ್ತರಿಸಿದಷ್ಟು ಹಿತವಾಗಿತ್ತೆಂದು ಮುಂದೆ ಆತನೇ ಹೇಳಿಕೊಂಡು ಎರಡನೆಯ ಗೋಲು ಮೊದಲನೆಯದಕ್ಕೆ ಪ್ರಾಯಶ್ಚಿತ್ತ ಎನ್ನುವ ಪಕ್ಷಕ್ಕಿದ್ದ ಕೊನೆಯ ಆಧಾರವನ್ನೂ ಕಿತ್ತುಹಾಕಿದ. ಅರ್ಜೆಂಟೀನಾದಲ್ಲಿ ಈ ಜೇಬಿನ ಲೆಕ್ಕಕ್ಕೆ ನಾಲ್ಕು ವರ್ಷ ಹಿಂದಿನ ಇನ್ನೊಂದು ಲೆಕ್ಕವನ್ನು ಕೂಡಿಸುತ್ತಾರೆ: 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಸತ್ತ ಆ ದೇಶದ 649 ಮಂದಿ.

ಇನ್ನು ಶೋಕಿಸುವವರ ಪ್ರಭೇದಗಳು. ಪ್ರಥಮ ಸ್ಥಾನ ಅನನ್ಯ ಭಕ್ತರದ್ದು. ರೊಸಾರಿಯೊ ನಗರದಲ್ಲಿ 1998ರಲ್ಲಿ ಸ್ಥಾಪನೆಯಾದ ಮರಡೋನಾ ಚರ್ಚಿನವರು ಶಕಪುರುಷನ ಹುಟ್ಟಿನಿಂದ ವರ್ಷ ಎಣಿಸುತ್ತಾರೆ. ಆ ಲೆಕ್ಕದಲ್ಲಿ ದೇವರು ಸತ್ತದ್ದು 60ನೆಯ ಸಂವತ್ಸರದಲ್ಲಿ. ಇವರ ಶೋಕ ಸರಳ, ಆದ್ದರಿಂದ ಶಾಸ್ತ್ರಕ್ಕೆ ನಿರುಪಯೋಗಿ. ಉಪಯುಕ್ತವಾದದ್ದು ನೇಪಲ್ಸ್. 1926ರಲ್ಲಿ ಹುಟ್ಟಿದ ನಾಪೊಲಿ ಕ್ಲಬ್ಬಿಗೆ 1987ರವರೆಗೆ ಇಟಲಿಯ ಲೀಗ್ ಪಟ್ಟ ಒಮ್ಮೆಯೂ ದಕ್ಕಿರಲಿಲ್ಲ. ಉತ್ತರದ ಸಿರಿವಂತ ಊರುಗಳ ಕ್ರೀಡಾಂಗಣಗಳಲ್ಲಿ ನೇಪಲ್ಸಿನವರನ್ನು ವೆಸೂವಿಯಸ್ ಜ್ವಾಲಾಮುಖಿಯೇ ಬೆಂಕಿಯಿಂದ ತೊಳೆಯಲಿ ಎಂದು ಹಾಡುವ ಸಂಪ್ರದಾಯವಿತ್ತು. 1984ರಲ್ಲಿ ದಾಖಲೆ ಬೆಲೆಗೆ ಬಂದ ಮರಡೋನಾ ಎರಡು ಲೀಗ್ ಪಟ್ಟ, ಒಂದು ಯುಇಎಫ್‌ಎ ಕಪ್ ತಂದುಕೊಟ್ಟ. ಕಮೋರಾ ಫೋಟೊ ತೆಗೆಸಿದ್ದು ಇದೇ ಊರಿನಲ್ಲಿ. ಮೂವತ್ತು ವರ್ಷ ದೂರವಿಟ್ಟ ಮಗ ಇದೇ ಊರಿನವನು. 1990ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಟಲಿಯನ್ನು ಸೋಲಿಸಿ ಹೊರಹಾಕಿದ್ದೂ ಇದೇ ಊರಿನಲ್ಲಿ. ಅದಕ್ಕೆ ಮೊದಲು ನೇಪಲ್ಸಿನವರು ತನ್ನ ಪಕ್ಷ ವಹಿಸಬೇಕೆಂದು ಕೇಳಿಕೊಂಡಿದ್ದ. ಆದರೂ ಸಾವಿನ ಸುದ್ದಿ ಬಂದ ರಾತ್ರಿ ಕೋವಿಡ್ ನಿರ್ಬಂಧವನ್ನು ಲೆಕ್ಕಿಸದೆ ಸಾವಿರಾರು ಜನ ಬೀದಿಗೆ ಬಂದು ಹಣತೆ, ಪಟಾಕಿ, ಮೇಣದ ಬತ್ತಿ ಹಚ್ಚಿದರು. ಮರುದಿನ ನಾಪೊಲಿಯ ಹನ್ನೊಂದೂ ಆಟಗಾರರು ಹತ್ತನೆಯ ನಂಬರಿನ, ಮರಡೋನಾ ಹೆಸರಿನ ಅಂಗಿ ತೊಟ್ಟು ಮೈದಾನಕ್ಕೆ ಬಂದರು. ಡಿಸೆಂಬರ್ ಮೊದಲ ವಾರದಲ್ಲೇ ಕ್ರೀಡಾಂಗಣದ ಹೆಸರಿನಿಂದ ಸಂತ ಪೌಲನನ್ನು ಇಳಿಸಿ ಮರಡೋನಾನನ್ನು ಕೂರಿಸಲಾಯಿತು. ಸಂತನ ಕಡೆಯಿಂದ ಆಕ್ಷೇಪಣೆ ಬಂದ ದಾಖಲೆಯಿಲ್ಲ.

ಹೊರಗಿನವರು ಇದನ್ನು ಕುರುಡು ಭಕ್ತಿ ಎನ್ನುತ್ತಾರೆ. ಇದು ತಪ್ಪು. ಈತನ ದೋಷಗಳ ಪಟ್ಟಿಯನ್ನು ನೇಪಲ್ಸಿನ ಕಾಫಿ ಅಂಗಡಿಯವನಷ್ಟು ಚೆನ್ನಾಗಿ ಯಾವ ಲಂಡನ್ ಪತ್ರಕರ್ತನೂ ಒಪ್ಪಿಸಲಾರ. ದೋಷಜ್ಞಾನವು ಭಕ್ತಿಯನ್ನು ಕುಗ್ಗಿಸುತ್ತದೆ ಎಂಬ ಪೂರ್ವಪಕ್ಷ ಇಲ್ಲಿ ಬಿದ್ದುಹೋಗುತ್ತದೆ.

ದ್ವಿತೀಯ ಪ್ರಭೇದ ಸಶೇಷ ಶೋಕಿಗಳದು, ಅಂದರೆ ಬಾಕಿ ಉಳಿಸಿಕೊಂಡು ಅಳುವವರದು. ಇಂಗ್ಲೆಂಡಿನಲ್ಲಿ ಇವರು ಹೇರಳ. ಶಿಲ್ಟನ್ ಸಾವಿನ ಬೆನ್ನಲ್ಲೇ ಬರೆದ ಲೇಖನದಲ್ಲಿ ಮರಡೋನಾನ ದೊಡ್ಡತನವನ್ನು ಒಪ್ಪಿ, ಕ್ರೀಡಾ ಮನೋಭಾವ ಇರಲಿಲ್ಲವೆಂದು ವಿಷಾದಿಸಿ, ಕೊನೆಗೂ ಕ್ಷಮೆ ಕೇಳಲಿಲ್ಲವೆಂದು ನೆನಪಿಸಿದರು. 34 ವರ್ಷ ಕಾದವರಿಗೆ ಸಾಲಗಾರ ಸತ್ತೇಹೋದರೆ ಆಗುವ ದುಃಖ ಬೇರೆ ಜಾತಿಯದು. ಅದರಲ್ಲಿ ಅಸಲಿಗಿಂತ ಬಡ್ಡಿಯ ನೋವು ಹೆಚ್ಚು. ಅದೇ ಪಂದ್ಯದಲ್ಲಿ ಇಂಗ್ಲೆಂಡಿನ ಏಕೈಕ ಗೋಲು ಹೊಡೆದಿದ್ದ ಗ್ಯಾರಿ ಲಿನೆಕರ್ ಮಾತ್ರ ಆತನಿಗೆ ಇನ್ನಾದರೂ ದೇವರ ಕೈಗಳಲ್ಲಿ ನೆಮ್ಮದಿ ಸಿಗಲಿ ಎಂದು ಹಾರೈಸಿ, ಒಂದೇ ವಾಕ್ಯದಲ್ಲಿ ಬಾಕಿ ವಸೂಲು ಮಾಡಿ ರಸೀದಿಯನ್ನೂ ಕೊಟ್ಟರು. ಡೈಲಿ ಸ್ಟಾರ್ ಪತ್ರಿಕೆಯ ಮುಖಪುಟ, ಬೇಕಾದಾಗ ವಿಡಿಯೊ ರೆಫರಿ ಎಲ್ಲಿದ್ದ ಎಂದು ಕೇಳಿತು. ಫ್ರಾನ್ಸಿನ ಲೆಕಿಪ್ ಪತ್ರಿಕೆಯ ಮುಖಪುಟವು ಅದೇ ದಿನ ದೇವರು ಸತ್ತನೆಂದು ಘೋಷಿಸಿತು. ಎರಡು ದೇಶಗಳ ನಡುವಿನ ಕಾಲುವೆ ತೀರ ಕಿರಿದು.

ಇಲ್ಲಿಂದಲೇ ಈ ಶಾಸ್ತ್ರದ ಮುಖ್ಯ ಸೂತ್ರ ಹೊರಡುತ್ತದೆ: ದೋಷದ ತೂಕವನ್ನು ನಿರ್ಧರಿಸುವುದು ಅದಕ್ಕೆ ಈಡಾದವರ ನೋವಲ್ಲ, ಅದನ್ನು ಕಂಡವರ ಸಂಖ್ಯೆ. ಕೈಯಿಂದ ಹೊಡೆದ ಗೋಲಿನಿಂದ ಒಂದು ತಂಡಕ್ಕೆ ಒಂದು ಪಂದ್ಯ ಹೋಯಿತು. ಆದರೆ ಕೋಟ್ಯಂತರ ಜನ ಕಂಡರು. ಮಗನ ಮೂವತ್ತು ವರ್ಷ ಹೋದವು; ಅದಕ್ಕೆ ಮರುಪ್ರಸಾರವಿಲ್ಲ. ಹೀಗಾಗಿ ಶ್ರದ್ಧಾಂಜಲಿಗಳಲ್ಲಿ ಕೈಗೆ ಪುಟಗಟ್ಟಲೆ ಜಾಗ ಸಿಕ್ಕಿತು, ಮಗನಿಗೆ ಸಾಲು ಸಿಕ್ಕಿತು.

ರಾಜಶೋಕ ಮೂರನೆಯದು. ಅರ್ಜೆಂಟೀನಾದ ಅಧ್ಯಕ್ಷ ಆಲ್ಬರ್ಟೊ ಫರ್ನಾಂಡಿಸ್ ಮೂರು ದಿನದ ರಾಷ್ಟ್ರೀಯ ಶೋಕ ಘೋಷಿಸಿ, ಪಾರ್ಥಿವ ಶರೀರದ ದರ್ಶನಕ್ಕೆ ಅಧ್ಯಕ್ಷರ ಭವನವನ್ನೇ ತೆರೆದರು. ತಿಂಗಳುಗಟ್ಟಲೆ ಜನರನ್ನು ಮನೆಯೊಳಗೆ ಕೂರಿಸಿದ್ದ ಸರ್ಕಾರ ಒಂದೇ ದಿನದಲ್ಲಿ ಎಲ್ಲರನ್ನೂ ಒಂದೇ ಬಾಗಿಲಿಗೆ ಕರೆಯಿತು. ಬದ್ಧವೈರಿಗಳಾದ ಬೋಕಾ ಮತ್ತು ರಿವರ್ ಪ್ಲೇಟ್ ಅಭಿಮಾನಿಗಳು ಸಾಲಿನಲ್ಲಿ ತಬ್ಬಿಕೊಂಡು ಅತ್ತರು. ಮಧ್ಯಾಹ್ನದ ಹೊತ್ತಿಗೆ ದರ್ಶನದ ವೇಳೆ ಮುಗಿಯುತ್ತಿದೆಯೆಂದು ತಿಳಿದ ಜನ ನುಗ್ಗಿದರು, ಪೊಲೀಸರು ರಬ್ಬರ್ ಗುಂಡು ಹಾರಿಸಿದರು, ಶವಪೆಟ್ಟಿಗೆಯನ್ನು ಒಳಗೆ ಸಾಗಿಸಲಾಯಿತು. ಸಂಜೆ ಬೆಯಾ ವಿಸ್ತಾ ಸ್ಮಶಾನದಲ್ಲಿ ತಂದೆತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಇದರ ನಡುವೆ ಶವಸಂಸ್ಕಾರದ ಸಂಸ್ಥೆಯ ಕೆಲಸಗಾರರು ಪೆಟ್ಟಿಗೆ ತೆರೆದು ಶವದ ಜೊತೆ ಫೋಟೊ ತೆಗೆದುಕೊಂಡು ಕೆಲಸ ಕಳೆದುಕೊಂಡರು. ಆ ಫೋಟೊದಲ್ಲಿ ಹೆಬ್ಬೆರಳು ಎತ್ತಿದ ಭಂಗಿಯನ್ನು ಯಾವ ರಸದಡಿ ಸೇರಿಸಬೇಕೆಂದು ಅಲಂಕಾರಶಾಸ್ತ್ರ ಇನ್ನೂ ಹೇಳಿಲ್ಲ.

ಭ್ರಾಂತ ಶೋಕಿಗಳು ಹಗ್ಗವನ್ನು ಹಾವೆಂದು ತಿಳಿದವರು. ಹೆಸರಿನ ಹೋಲಿಕೆಯಿಂದ ಮೋಸಹೋಗಿ, ಗಟ್ಟಿಮುಟ್ಟಾಗಿದ್ದ ಪಾಪ್ ಗಾಯಕಿ ಮಡೋನಾಗೆ ಸದ್ಗತಿ ಕೋರಿದವರು ಆ ದಿನ ಅನೇಕರಿದ್ದರು. ಇವರ ಶೋಕದಲ್ಲಿ ಮಿಶ್ರಣ ಕಿಂಚಿತ್ತೂ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ದೂರದವರ ಶೋಕಕ್ಕೆ ಉದಾಹರಣೆ ಭಾರತದಲ್ಲೇ ಇದೆ. ಅಜ್ಟೆಕಾದಲ್ಲಿ ನಡುಹಗಲಿಗೆ ಪಂದ್ಯ ಶುರುವಾದಾಗ ನಮ್ಮಲ್ಲಿ ರಾತ್ರಿ ಹನ್ನೊಂದೂವರೆ. ಕೈ ಮೇಲೆದ್ದ ಹೊತ್ತಿಗೆ ದಿನಾಂಕವೇ ಬದಲಾಗಿತ್ತು. ದೂರದರ್ಶನದ ಮುಂದೆ ನಿದ್ದೆಗೆಟ್ಟು ಕೂತವರಿಗೆ ಅದು ಕೈಯೋ ತಲೆಯೋ ತಿಳಿಯುವ ಮೊದಲೇ ಎರಡನೆಯ ಗೋಲು ಬಂದುಬಿಟ್ಟಿತು. ಅದರಲ್ಲೂ ಸೋತವರು ಇಂಗ್ಲಿಷರು. ಸಾಕ್ಷ್ಯವನ್ನು ಮರುಪರಿಶೀಲಿಸುವ ಆತುರ ಈ ದೇಶದಲ್ಲಿ ಯಾರಿಗೂ ಇರಲಿಲ್ಲ. 2008ರಲ್ಲಿ ಕೋಲ್ಕತ್ತ, 2012ರಲ್ಲಿ ಕಣ್ಣೂರು ಆತನನ್ನು ಕಣ್ತುಂಬಿಕೊಂಡವು. ಸತ್ತಾಗ ಕೇರಳ ಸರ್ಕಾರ ಕ್ರೀಡಾ ಕ್ಷೇತ್ರದಲ್ಲಿ ಎರಡು ದಿನದ ಶೋಕ ಘೋಷಿಸಿತು.

ಇನ್ನುಳಿದದ್ದು ಪ್ರಕೀರ್ಣ. ಸ್ಪೇನಿನ ಗಲೀಷಿಯಾದಲ್ಲಿ ಸಾವಿನ ಮೂರನೆಯ ದಿನ ಮಹಿಳೆಯರ ಪಂದ್ಯವೊಂದಕ್ಕೆ ಮುನ್ನ ಒಂದು ನಿಮಿಷದ ಮೌನಾಚರಣೆ ನಡೆಯಿತು. ಸಾಲಿನಲ್ಲಿ ನಿಂತ ಆಟಗಾರ್ತಿಯರ ನಡುವೆ ಒಬ್ಬಾಕೆ ಬೆನ್ನು ತಿರುಗಿಸಿ ನೆಲದ ಮೇಲೆ ಕುಳಿತರು. ನವೆಂಬರ್ 25ರಂದು ದೌರ್ಜನ್ಯಕ್ಕೆ ತುತ್ತಾದ ಹೆಂಗಸರಿಗಾಗಿ ಯಾರೂ ಒಂದು ನಿಮಿಷ ಮೌನವಾಗಿರಲಿಲ್ಲ, ಆದ್ದರಿಂದ ಇವನಿಗಾಗಿ ತಾನೂ ನಿಲ್ಲಲಾರೆ ಎಂಬುದು ಅವರ ಕಾರಣ. ಇವರನ್ನು ಮೇಲಿನ ಯಾವ ಪ್ರಭೇದಕ್ಕೂ ಸೇರಿಸಲಾಗದು. ನಿಯಮವನ್ನು ಅಕ್ಷರಶಃ ಓದಿದರೆ ಮೌನಾಚರಣೆಗೆ ಭಂಗವಾಗಲೂ ಇಲ್ಲ; ಅವರು ಮಾತಾಡಲಿಲ್ಲ, ಕುಳಿತರು ಅಷ್ಟೆ. ಮೌನದ ನಿಮಿಷ ಮುಗಿದ ಮೇಲೆ ಅಭಿಮಾನಿಗಳಿಂದ ಜೀವಬೆದರಿಕೆಗಳು ಬಂದವು. ಅರ್ಜೆಂಟೀನಾದ ಸ್ತ್ರೀವಾದಿಗಳಲ್ಲಿ ಇನ್ನೊಂದು ಬಗೆಯೂ ಕಂಡಿತು. ಅತ್ತವರಿದ್ದರು, ಅಳಲಾರೆವೆಂದವರಿದ್ದರು, ಅಳುತ್ತಲೇ ಆರೋಪಪಟ್ಟಿ ಓದಿದವರೂ ಇದ್ದರು. ಮಿಶ್ರಶೋಕ ಎಂಬ ಹೆಸರಿಗೆ ನಿಜವಾಗಿ ಅರ್ಹವಾದದ್ದು ಈ ಕೊನೆಯದೊಂದೇ. ಉಳಿದವರಲ್ಲಿ ಮಿಶ್ರಣವೆಂದು ಕಾಣುವುದು ಬೇರೆ ಬೇರೆ ಜನರ ಶುದ್ಧ ಶೋಕಗಳನ್ನು ಒಟ್ಟಿಗೆ ನೋಡಿದಾಗ ಆಗುವ ಭ್ರಮೆ.

ಶೋಕದ ಬೆಲೆಯ ಬಗ್ಗೆ ಖಚಿತ ದಾಖಲೆಗಳಿವೆ. ನವೆಂಬರ್ 29ರಂದು ಒಸಾಸುನಾ ವಿರುದ್ಧ ಗೋಲು ಹೊಡೆದ ಲಿಯೊನೆಲ್ ಮೆಸ್ಸಿ ಬಾರ್ಸಿಲೋನಾದ ಅಂಗಿ ಕಳಚಿ, ಒಳಗೆ ತೊಟ್ಟಿದ್ದ ನ್ಯೂವೆಲ್ಸ್ ಓಲ್ಡ್ ಬಾಯ್ಸ್ ತಂಡದ ಮರಡೋನಾ ಅಂಗಿ ತೋರಿಸಿ ಆಕಾಶಕ್ಕೆ ಕೈ ಎತ್ತಿದರು. ರೆಫರಿ ಹಳದಿ ಕಾರ್ಡ್ ತೋರಿಸಿದರು, ಶಿಸ್ತು ಸಮಿತಿ 600 ಯೂರೊ ದಂಡ ಹಾಕಿತು. 2022ರ ಮೇ ತಿಂಗಳಲ್ಲಿ ಅಜ್ಟೆಕಾ ಪಂದ್ಯದ ಅಂಗಿ ಹರಾಜಿನಲ್ಲಿ ಸುಮಾರು 71 ಲಕ್ಷ ಪೌಂಡಿಗೆ ಹೋಯಿತು; ಮಾರಿದವರು ಅಂದು ಮರಡೋನಾ ಜೊತೆ ಅಂಗಿ ಬದಲಾಯಿಸಿಕೊಂಡಿದ್ದ ಇಂಗ್ಲೆಂಡ್ ಆಟಗಾರ ಸ್ಟೀವ್ ಹಾಜ್. ಅದೇ ವರ್ಷ ನವೆಂಬರಿನಲ್ಲಿ ಚೆಂಡು ಸುಮಾರು 20 ಲಕ್ಷ ಪೌಂಡಿಗೆ ಹೋಯಿತು. ಮಾರಿದವರು ಬಿನ್ ನಾಸರ್. ಕೈ ತಾಗಿದ್ದನ್ನು ಕಾಣದ ಕಣ್ಣು ಚೆಂಡನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿತ್ತು.

ಸಾವಿನ ಹೊಣೆ ಯಾರದೆಂಬ ಪ್ರಶ್ನೆ ನ್ಯಾಯಾಲಯಕ್ಕೆ ಸೇರಿದ್ದು. ಆರೈಕೆಯಲ್ಲಿ ನಿರ್ಲಕ್ಷ್ಯ ತೋರಿದರೆಂಬ ಆರೋಪದ ಮೇಲೆ ಏಳು ಮಂದಿ ವೈದ್ಯಕೀಯ ಸಿಬ್ಬಂದಿಯ ವಿಚಾರಣೆ 2025ರ ಮಾರ್ಚಿನಲ್ಲಿ ಸಾನ್ ಇಸಿದ್ರೊದಲ್ಲಿ ಶುರುವಾಯಿತು. ಎರಡೂವರೆ ತಿಂಗಳು ಸಾಕ್ಷಿಗಳನ್ನು ಕೇಳಿದ ಮೇಲೆ, ತೀರ್ಪು ಕೊಡಬೇಕಿದ್ದ ಮೂವರಲ್ಲಿ ಒಬ್ಬ ನ್ಯಾಯಾಧೀಶೆ ಇದೇ ಪ್ರಕರಣದ ಬಗೆಗಿನ ಸಾಕ್ಷ್ಯಚಿತ್ರದಲ್ಲಿ ಭಾಗಿಯಾಗಿದ್ದು ಬೆಳಕಿಗೆ ಬಂತು. ಅವರು ಹಿಂದೆ ಸರಿದರು. ಮೇ ಕೊನೆಯಲ್ಲಿ ಇಡೀ ವಿಚಾರಣೆಯನ್ನು ರದ್ದುಗೊಳಿಸಿ, ಮತ್ತೆ ಮೊದಲಿನಿಂದ ನಡೆಸಬೇಕೆಂದು ಆದೇಶವಾಯಿತು.