ಕವಚ ತೊಟ್ಟು ಕಾಫಿ ಸಾಲಿನಲ್ಲಿ

ಕರ್ಣನಿಗೆ ಅನ್ಯಾಯವಾಯಿತೆಂದು ನಮ್ಮ ಕಡೆ ಮರುಗದವರಿಲ್ಲ. ಆದರೆ ಅವನಿಗಿದ್ದ ಒಂದು ಅನುಕೂಲದ ಬಗ್ಗೆ ಯಾರೂ ಮಾತಾಡುವುದಿಲ್ಲ. ಅವನು ಕವಚ ಆರಿಸಬೇಕಾಗಿರಲಿಲ್ಲ. ಹುಟ್ಟುವಾಗಲೇ ಅಳತೆಗೆ ಸರಿಯಾಗಿ ಮೈಗಂಟಿ ಬಂದದ್ದು ಅವನ ಜತೆಗೇ ಬೆಳೆಯಿತು. ಎದೆ 42, ಹೊಟ್ಟೆ ಅದಕ್ಕೂ ಮುಂದೆ ಎಂಬಂಥವರಿಗೆ ಯಾವ ಸೈಜು ಎಂದು ಅವನು ಯಾರನ್ನೂ ಕೇಳಬೇಕಾಗಲಿಲ್ಲ. ಜೀವಮಾನವಿಡೀ ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸಿ ನಿವೃತ್ತನಾದ ನಾನು ಕೇಳಬೇಕಾಯಿತು. ಅದೂ ಜರ್ಮನಿಯಲ್ಲಿ, ಬೇಸಿಗೆಯಲ್ಲಿ.

ಹ್ಯಾನೋವರಿನಲ್ಲಿರುವ ಮಗಳಿಗೆ ಲಾರ್ಪ್ ಹುಚ್ಚು. ಲೈವ್ ಆ್ಯಕ್ಷನ್ ರೋಲ್‌ಪ್ಲೇ ಎನ್ನುವುದನ್ನು ಮೊಟಕುಗೊಳಿಸಿ ಹಾಗನ್ನುತ್ತಾರೆ. ಇದು ಪ್ರೇಕ್ಷಕರಿಲ್ಲದ, ಮಾತು ಬರೆದುಕೊಡದ, ವಾರಾಂತ್ಯವಿಡೀ ಪರದೆ ಬೀಳದ ನಾಟಕ. ಡೇರೆ ಹೊಡೆದುಕೊಂಡು, ರಾಜನೋ ರಾಕ್ಷಸನೋ ಮೂಲಿಕೆ ಮಾರುವವಳೋ ಆಗಿ ಉಂಡು, ಮಲಗಿ, ಒಳಸಂಚು ಮಾಡಿ, ನಡುನಡುವೆ ಯುದ್ಧ ಮಾಡುವುದು. 1982ರಲ್ಲಿ ಇಂಗ್ಲೆಂಡಿನ ಚೆಶೈರಿನ ಪೆಕ್‌ಫರ್ಟನ್ ಕೋಟೆಯಲ್ಲಿ 'ಟ್ರೆಷರ್ ಟ್ರ್ಯಾಪ್' ಎಂಬ ಹೆಸರಿನಲ್ಲಿ ಇಂಥದ್ದೊಂದು ಶುರುವಾಗಿತ್ತು. ಈಗ ಜರ್ಮನರು ಇದನ್ನು ಅವರ ಸಹಜ ಶ್ರದ್ಧೆಯಿಂದ ಕೈಗೆತ್ತಿಕೊಂಡಿದ್ದಾರೆ. ಲೋವರ್ ಸ್ಯಾಕ್ಸನಿಯ ಬ್ರೋಕೆಲೋ ಎಂಬ ಹಳ್ಳಿಯಲ್ಲಿ ಬೇಸಿಗೆಯಲ್ಲಿ ನಡೆಯುವ 'ಕಾನ್‌ಕ್ವೆಸ್ಟ್ ಆಫ್ ಮಿಥೋಡಿಯಾ'ಕ್ಕೆ ಸಾವಿರಾರು ಜನ ಸೇರುತ್ತಾರೆ. ಮಗಳ ಬಳಗ ನಮ್ಮನ್ನು ಹೊರಡಿಸಿದ್ದು ಅಷ್ಟು ದೊಡ್ಡದಕ್ಕಲ್ಲ, ಕಾಡಿನಂಚಿನ ಒಂದು ಸಣ್ಣ ಆಟಕ್ಕೆ.

"ನಾವು ಒಂದು ಕಡೆ ಕೂತು ನೋಡ್ತೀವಿ ಬಿಡೇ," ಅಂದೆ.

"ನೋಡೋರಿಗೆ ಅಲ್ಲಿ ಜಾಗ ಇಲ್ಲಪ್ಪ. ಬಂದೋರೆಲ್ಲ ವೇಷ ಹಾಕ್ಲೇಬೇಕು."

ಅವಳ ಗೆಳೆಯನೊಬ್ಬ ಮನೆಯ ನೆಲಮಾಳಿಗೆಯನ್ನೇ ಆಯುಧಶಾಲೆ ಮಾಡಿಕೊಂಡಿದ್ದ. ಅಲ್ಲಿ ಮೊದಲು ನನಗೆ ತೊಡಿಸಿದ್ದು ಉಕ್ಕಿನ ಬಳೆಗಳನ್ನು ಹೆಣೆದ ಅಂಗಿ. ಒಂದೊಂದು ಬಳೆಗೂ ಅಕ್ಕಪಕ್ಕದ ನಾಲ್ಕು ಬಳೆಗಳ ಕೊಂಡಿ. ಒಟ್ಟು ತೂಕ ಹತ್ತು ಕೆಜಿಯ ಮೇಲೆ. ಕೈಯಲ್ಲಿ ಹಿಡಿದಾಗ ಅಕ್ಕಿಮೂಟೆಯಂತಿದ್ದದ್ದು ಮೈಮೇಲೆ ಇಳಿದಾಗ ನೀರಿನ ಹಾಗೆ ಹರಡಿಕೊಂಡಿತು. ಕನ್ನಡಿಯಲ್ಲಿ ನೋಡಿಕೊಂಡೆ. ಪುಲಕೇಶಿ ಅಲ್ಲದಿದ್ದರೂ ಅವನ ಖಜಾನೆಯ ಗುಮಾಸ್ತ ಅನ್ನಬಹುದಿತ್ತು. ಆ ಅಭಿಮಾನ ಹೆಗಲು ನೋಯಲು ಶುರುವಾಗುವವರೆಗೆ ಇತ್ತು. ಆಗ ಗೆಳೆಯ ಸೊಂಟಕ್ಕೊಂದು ಬೆಲ್ಟು ಬಿಗಿದು, ಮೇಲಿನ ಭಾಗವನ್ನು ಸ್ವಲ್ಪ ಸಡಿಲಿಸಿ ಅದರ ಮೇಲೆ ಇಳಿಬಿಟ್ಟ. ಅರ್ಧ ಭಾರ ಹೆಗಲಿನಿಂದ ಸೊಂಟಕ್ಕೆ ವರ್ಗವಾಯಿತು. ಇಂಥ ಅಂಗಿ ಕೊಳ್ಳುವವರು ಅಂಗಿಗಿಂತ ಮೊದಲು ಬೆಲ್ಟು ಕೊಳ್ಳಬೇಕು.

ತೊಡುವುದು ಸುಲಭ, ಬಿಚ್ಚುವುದಕ್ಕೆ ಬೇರೆ ವಿಧಿಯಿದೆ. ಸೊಂಟ ಪೂರ್ತಿ ಬಗ್ಗಿಸಿ, ಎರಡೂ ಕೈ ನೆಲದ ಕಡೆ ಚಾಚಿ, ಮೈ ಕೊಡವಬೇಕು. ಅಂಗಿ ತನ್ನ ಭಾರಕ್ಕೆ ತಾನೇ ತಲೆಯ ಮೇಲಿಂದ ಜಾರಿ ನೆಲಕ್ಕೆ ಬೀಳುತ್ತದೆ.

"ಹೀಗೆ ಬಗ್ಗಿ ಅಂತ ಡಾಕ್ಟರು ಹೇಳ್ದಾಗ ಆಗೋದೇ ಇಲ್ಲ ಅಂದಿದ್ರಲ್ರೀ?" ಅಂದಳು ನನ್ನ ಹೆಂಡತಿ.

ಬಿದ್ದ ಅಂಗಿಗೆ ಕಟ್ಟಿದ್ದ ಚೀಟಿಯಲ್ಲಿ 'ಮೇಡ್ ಇನ್ ಇಂಡಿಯಾ' ಎಂದಿತ್ತು. ಆಶ್ಚರ್ಯಪಡಬೇಕಾಗಿಲ್ಲವಂತೆ. 1943ರಲ್ಲಿ ಡೆಹ್ರಾಡೂನಿನಲ್ಲಿ ಹುಟ್ಟಿದ ವಿಂಡ್ಲಾಸ್ ಸ್ಟೀಲ್‌ಕ್ರಾಫ್ಟ್ಸ್‌ನಂಥ ಕಾರ್ಖಾನೆಗಳು ಯುರೋಪು ಅಮೆರಿಕಗಳ ಹವ್ಯಾಸಿ ವೀರರಿಗೆ ಕತ್ತಿ, ಕವಚ ಕಳಿಸುತ್ತಲೇ ಇವೆ. ನಾನೂ ಆ ಅಂಗಿಯೂ ಒಂದೇ ದೇಶದಿಂದ ಬಂದವರು. ಅದಕ್ಕೆ ವೀಸಾ ಸಂದರ್ಶನ ಇರಲಿಲ್ಲ, ಅಷ್ಟೇ.

ಆದರೆ ಉಕ್ಕಿನ ಬಳೆಯನ್ನು ಬರೀ ಬನೀನಿನ ಮೇಲೆ ಹಾಕುವಂತಿಲ್ಲ. ಒಳಗೆ ಹತ್ತಿ ತುಂಬಿ ಗೀಟುಗೀಟಾಗಿ ಹೊಲಿದ ದಪ್ಪ ಅಂಗಿ ಬೇಕು, ಅದರ ಹೆಸರು ಗ್ಯಾಂಬಿಸನ್. ಪೆಟ್ಟಿನ ಬಿಸಿಯನ್ನು ಹೀರಿಕೊಳ್ಳುವುದು ನಿಜವಾಗಿ ಅದೇ. ತೊಟ್ಟವನ ಮೈಯ ಬಿಸಿಯನ್ನು ಹೊರಗೆ ಬಿಡದಿರುವುದೂ ಅದೇ. ಎರಡನ್ನೂ ತೊಟ್ಟು ಬಿಸಿಲಿನಲ್ಲಿ ನಿಂತ ಮೇಲೆ ನನಗೊಂದು ಸಂಶಯ ಬಂದಿದೆ. ಇಂದ್ರ ಬಂದು ಕೇಳಿದ ಕೂಡಲೇ ಕರ್ಣ ಕವಚ ಕಿತ್ತುಕೊಟ್ಟದ್ದು ದಾನಬುದ್ಧಿಯಿಂದಲೇ ಇರಬಹುದು. ಆದರೂ ಅದು ಯಾವ ಮಾಸ ಎಂದು ವಿದ್ವಾಂಸರು ವಿಚಾರಿಸಬೇಕು.

ಪೂರ್ತಿ ಉಕ್ಕಿನ ತಗಡಿನ ಕವಚದ ಆಸೆ ನನಗೂ ಇತ್ತು. ಅದನ್ನು ಕಳೆದವರು ಲೀಡ್ಸ್ ವಿಶ್ವವಿದ್ಯಾಲಯದವರು. ಹದಿನೈದನೇ ಶತಮಾನದ ಮಾದರಿಯ ಕವಚ ತೊಟ್ಟವರನ್ನು ಅವರು ಟ್ರೆಡ್‌ಮಿಲ್ ಮೇಲೆ ನಡೆಸಿ ಓಡಿಸಿ 2011ರಲ್ಲಿ ಲೆಕ್ಕ ಒಪ್ಪಿಸಿದರು. ಬರೀ ನಡೆಯುವುದಕ್ಕೇ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ ಬೇಕು. ಎದೆಯ ತಗಡು ಉಸಿರನ್ನು ಪೂರ್ತಿ ಎಳೆಯಲು ಬಿಡುವುದಿಲ್ಲ. ಕಾಲಿಗೆ ಕಟ್ಟಿದ ಉಕ್ಕನ್ನು ಪ್ರತಿ ಹೆಜ್ಜೆಗೂ ಎತ್ತಿ ಬೀಸಬೇಕು, ಹಾಗಾಗಿ ಅಷ್ಟೇ ಭಾರವನ್ನು ಬೆನ್ನಿಗೆ ಹೊತ್ತದ್ದಕ್ಕಿಂತ ಇದು ದುಬಾರಿ. ಮೂರನೇ ಮಹಡಿಯಲ್ಲಿರುವ ಮಗಳ ಮನೆಗೆ ಲಿಫ್ಟ್ ಇಲ್ಲ. ಈ ಸಂಶೋಧನೆಯ ತಿರುಳು ನನ್ನ ಮಂಡಿಗಳಿಗೆ ಮೊದಲೇ ಗೊತ್ತಿತ್ತು.

ಇಷ್ಟಕ್ಕೂ ಯುದ್ಧ ಎಷ್ಟು ಹೊತ್ತು ಎಂದು ವಿಚಾರಿಸಿದೆ. ಒಂದು ಕಾಲುಗಂಟೆ, ತಪ್ಪಿದರೆ ಅರ್ಧ ಗಂಟೆ. ಉಳಿದಂತೆ? ಮರದ ಬೆಂಚಿನ ಮೇಲೆ ಕೂರುವುದು, ಗುಡ್ಡ ಹತ್ತುವುದು, ಸಂಧಿ ಮಾತುಕತೆ ಮುಗಿಯುವುದನ್ನು ಕಾಯುವುದು, ಕಾಫಿಗೆ ಸಾಲು, ಶೌಚಕ್ಕೆ ಸಾಲು. ಕವಚ ಮಾರುವವರು ಮಾತ್ರ ಖಡ್ಗ ಎತ್ತಿ ನಿಂತವನ ಚಿತ್ರ ಹಾಕುತ್ತಾರೆ. ಪ್ಲಾಸ್ಟಿಕ್ಕಿನ ಶೌಚಗೂಡಿನ ಬಾಗಿಲಲ್ಲಿ ತೋಳ್ಬಂದಿ ಸಿಕ್ಕಿಹಾಕಿಕೊಂಡು ನಿಂತವನ ಚಿತ್ರ ಹಾಕಿದರೆ ಗಿರಾಕಿಗೆ ನಿಜವಾದ ಉಪಕಾರವಾದೀತು. ತೊಟ್ಟುಕೊಂಡು ಕೂತು ನೋಡಿ, ಬೂಟಿನ ಲೇಸು ಕಟ್ಟಿ ನೋಡಿ, ತಟ್ಟೆ ಹಿಡಿದು ಊಟ ಮಾಡಿ ನೋಡಿ. ಕತ್ತಿ ಬೀಸುವುದನ್ನು ಕೊನೆಗೆ ನೋಡಿದರಾಯಿತು.

ಸುರಕ್ಷತೆಯ ವಿಷಯದಲ್ಲಿ ನನ್ನ ತಿಳಿವಳಿಕೆಯೇ ತಲೆಕೆಳಗಾಯಿತು. ಕವಚ ಇರುವುದು ನನ್ನನ್ನು ಕಾಪಾಡಲು ಎಂದುಕೊಂಡಿದ್ದೆ. ಪರಿಶೀಲನೆಗೆ ಬಂದ ಹುಡುಗಿ ನನ್ನ ಕಡೆ ನೋಡಲೇ ಇಲ್ಲ. ಎದೆಗಟ್ಟಿನ ಅಂಚಿನುದ್ದಕ್ಕೂ ಬೆರಳಾಡಿಸಿ, ಎಲ್ಲಾದರೂ ಚೂಪಿದೆಯೇ, ರಿವೆಟ್ಟಿನ ಮೊನೆ ಹೊರಬಂದಿದೆಯೇ ಎಂದು ನೋಡಿದಳು. ಆಟದ ಕತ್ತಿಯೆಂದರೆ ಫೈಬರ್ ಕೋಲಿನ ಸುತ್ತ ಫೋಮು, ಮೇಲೆ ಲ್ಯಾಟೆಕ್ಸ್ ಲೇಪ. ಚೂಪು ಅಂಚಿಗೆ ತಗುಲಿದರೆ ಕತ್ತಿಯೇ ಸೀಳಿಹೋಗುತ್ತದೆ. ಅಂದರೆ ನನ್ನ ಕವಚದಿಂದ ಶತ್ರುವಿನ ಖಡ್ಗಕ್ಕೆ ಗಾಯವಾಗಬಾರದು! ನನ್ನ ಹೆಂಡತಿ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳ ಗೊಂಚಲು ಕಂಡಾಗ ಮಾತ್ರ ಆ ಹುಡುಗಿಯ ಮುಖದಲ್ಲಿ ಭಯ ಕಾಣಿಸಿತು. ಅವನ್ನು ಡಬ್ಬಿಗೆ ಹಾಕಿಸಿಕೊಂಡಳು.

ನಿಜವಾದ ಅಪಾಯ ಕತ್ತಿಯದಲ್ಲ, ಡೇರೆಯ ಹಗ್ಗದ್ದು, ಹುಲ್ಲಿನಲ್ಲಿ ಅಡಗಿದ ಗುಂಡಿಯದ್ದು, ನೀರು ಕುಡಿಯದೆ ಬಿಸಿಲಿಗೆ ನಿಲ್ಲುವ ಶೌರ್ಯದ್ದು. ತಲೆಗೆ ಹೊಡೆಯುವುದು ಹೆಚ್ಚಿನ ಆಟಗಳಲ್ಲಿ ನಿಷಿದ್ಧ. ಅದಕ್ಕೇ ಕಣ್ಣಿಗೆ ಬರೀ ಸೀಳು ಬಿಟ್ಟಿರುವ ಮುಚ್ಚು ಶಿರಸ್ತ್ರಾಣ ಅಂದಕ್ಕೆ ಚೆಂದ, ನಡೆದಾಡುವುದಕ್ಕೆ ಕಷ್ಟ. ಪಾದದ ಗಿಣ್ಣು ಬಿಗಿಯಾಗಿ ಹಿಡಿಯುವ ಬೂಟಿಗೆ ದುಡ್ಡು ಹಾಕುವುದು ಅದಕ್ಕಿಂತ ಜಾಣತನ. ಒಂದು ಮಾತು ಮಗಳು ಬಾಯಿಪಾಠ ಮಾಡಿಸಿದಳು: ಕಥೆಯೊಳಗೆ ಗಾಯವಾದರೆ ವೈದ್ಯನನ್ನು ಕರೆಯಲು "ಹೈಲರ್" ಅನ್ನಬೇಕು, ನಿಜಕ್ಕೂ ಕಾಲು ಉಳುಕಿದರೆ "ಸಾನಿಟೇಟರ್" ಅನ್ನಬೇಕು. ಮೊದಲನೆಯದಕ್ಕೆ ಓಡಿ ಬರುವವನು ಮಂತ್ರ ಹಾಕುತ್ತಾನೆ.

ಉಕ್ಕು ಬೇಡವೆಂದರೆ ಬೇರೆ ದಾರಿಗಳಿವೆ. ಅಲ್ಯುಮಿನಿಯಂ ಬಳೆಯ ತೂಕ ಉಕ್ಕಿನ ಮೂರನೇ ಒಂದು ಭಾಗ, ಆದರೆ ಸದ್ದು ಚಿಲ್ಲರೆ ಕಾಸಿನದು. ಇವಿಎ ಫೋಮನ್ನು ಬಿಸಿಗಾಳಿಯಲ್ಲಿ ಬಾಗಿಸಿ ಬಣ್ಣ ಬಳಿದರೆ ಹತ್ತು ಹೆಜ್ಜೆ ದೂರಕ್ಕೆ ಅಪ್ಪಟ ಉಕ್ಕು. ನೆಲಮಾಳಿಗೆಯ ಗೆಳೆಯ ಇದನ್ನು ಕೇಳಿ ಮೂಗು ಮುರಿದ. 'ಲಾರ್ಡ್ ಆಫ್ ದ ರಿಂಗ್ಸ್' ಸಿನಿಮಾದ ಸೈನಿಕರು ತೊಟ್ಟದ್ದು ಪ್ಲಾಸ್ಟಿಕ್ ಪೈಪು ಕತ್ತರಿಸಿ ಮಾಡಿದ ಬಳೆಗಳನ್ನು. 1975ರ 'ಮಾಂಟಿ ಪೈಥಾನ್ ಆ್ಯಂಡ್ ದ ಹೋಲಿ ಗ್ರೇಲ್'ನ ವೀರರದು ನೂಲಿನಲ್ಲಿ ಹೆಣೆದು ಬೆಳ್ಳಿಬಣ್ಣ ಹೊಡೆದ ಅಂಗಿ. ಇದನ್ನೆಲ್ಲ ಹೇಳಿದರೂ ಅವನು ಜಗ್ಗಲಿಲ್ಲ. ಆಗ ಫೋನಿನಲ್ಲಿ ಯಕ್ಷಗಾನದ ವೇಷವೊಂದನ್ನು ತೋರಿಸಿದೆ. ಭುಜಕೀರ್ತಿ, ಎದೆಕಟ್ಟು, ಕಿರೀಟ ಎಲ್ಲ ಹಗುರ ಮರದವು, ಮೇಲೆ ಬೇಗಡೆ, ಕನ್ನಡಿ ಚೂರು. ಅದನ್ನು ತೊಟ್ಟವರು ಮಂಡಿಯಲ್ಲಿ ಗಿರಕಿ ಹೊಡೆಯುತ್ತಾರೆ, ಬೆಳಗಿನ ಜಾವಕ್ಕೂ ಯುದ್ಧ ಮಾಡುತ್ತಾರೆ. ನೈಜತೆ ನೋಡುವವನ ಕಣ್ಣಿಗೆ, ಭಾರ ತೊಟ್ಟವನ ಬೆನ್ನಿಗೆ ಎಂಬುದನ್ನು ಕರಾವಳಿಯ ಭಾಗವತರ ಮೇಳಗಳು ಎಂದೋ ಬಗೆಹರಿಸಿಕೊಂಡಿವೆ. ಅವನು ಆ ವಿಡಿಯೊವನ್ನು ಮೂರು ಸಲ ನೋಡಿ, ತೂಕ ಎಷ್ಟು ಎಂದು ಕೇಳಿದ.

ಕೊನೆಗೆ ನನಗೆ ಸಿಕ್ಕಿದ್ದು ತೆಳುವಾದ ಗ್ಯಾಂಬಿಸನ್ ಮತ್ತು ಬಿಸಿನೀರಿನಲ್ಲಿ ಗಟ್ಟಿ ಮಾಡಿದ ಚರ್ಮದ ಎದೆಗಟ್ಟು. ಪಾತ್ರ: ಪಾಳೆಯದ ಖಜಾಂಚಿ. ಕೂತು ಹಿತ್ತಾಳೆಯ ನಾಣ್ಯ ಎಣಿಸುವುದು. ವಿದೇಶಕ್ಕೆ ಹೋದರೂ ಕೌಂಟರು ಬಿಡಲಿಲ್ಲ.

ಕೀರ್ತಿ ಬಂದದ್ದು ಹೆಂಡತಿಗೆ. ತಗಡಿನ ಕವಚದ ಬಕಲುಗಳಲ್ಲಿ ಹಲವು ಬೆನ್ನಿಗೆ, ಭುಜದ ಹಿಂದಕ್ಕೆ ಇರುತ್ತವೆ. ವೀರನ ಕೈ ಅಲ್ಲಿಗೆ ಎಟುಕುವುದಿಲ್ಲ. ಮದುವೆಮನೆಗಳಲ್ಲಿ ಅರ್ಧ ಗಂಟೆಯಲ್ಲಿ ಹತ್ತು ಹೆಣ್ಣುಮಕ್ಕಳಿಗೆ ರೇಷ್ಮೆ ಸೀರೆ ಉಡಿಸಿದ ಅನುಭವ ಅವಳದು. ಒಬ್ಬ ಸರದಾರನ ತೋಳ್ಬಂದಿ ಸರಿಪಡಿಸಿದಳು, ಇನ್ನೊಬ್ಬನಿಗೆ "ಉಸಿರು ಎಳ್ಕೊಳಪ್ಪ" ಎಂದು ಕನ್ನಡದಲ್ಲೇ ಹೇಳಿ ಬೆಲ್ಟು ಬಿಗಿದಳು. ಮಾರನೆಯ ಬೆಳಗ್ಗೆ ನಮ್ಮ ಡೇರೆಯ ಮುಂದೆ ಆರಡಿಯ ವೀರರ ಸಾಲು, ಎರಡೂ ಪಕ್ಷದವರು. ಮುಂದಿನ ವರ್ಷಕ್ಕೆ ಅವಳಿಗೆ ಈಗಲೇ ಆಹ್ವಾನ ಬಂದಿದೆ. ಜತೆಗೆ ಯಾರಾದರೂ ಬರುವುದಿದ್ದರೆ ಅವರ ಡೇರೆ ಅವರೇ ತರಬೇಕಂತೆ.