ಮುನ್ನೂರೈವತ್ತೊಂದರ ಮುಯ್ಯಿ

ನಮ್ಮ ಉಮ್ಮಚಗಿ ಕಡೆ ಬೇಲಿ ಕಟ್ಟಿದರೆ ಅದಕ್ಕೊಂದು ಉಣಗೋಲೂ ಇರಲೇಬೇಕು. ದನ ಬರಬಾರದು, ಭಾವ ಬರಬೇಕು. ಪಕ್ಕದ ತೋಟದ ಭಾವ ಸಂಜೆ ಚಹಾ ಆದಮೇಲೆ ಆ ಉಣಗೋಲಿಗೆ ಮೊಣಕೈ ಊರಿ, ಮೊಬೈಲು ತೆಗೆದು, ಯಲ್ಲಾಪುರ ಪೇಟೆಯ ರಾಶಿ, ತಟ್ಟಿಬೆಟ್ಟೆ, ಚಾಲಿ ದರವನ್ನು ಪಂಚಾಂಗದ ಹಾಗೆ ಓದುತ್ತಾನೆ.

ಮೊನ್ನೆ ಮಾತು 351ಕ್ಕೆ ಬಂದು ನಿಂತಿತು. ಗೊತ್ತಲ್ಲ, ಹೊರದೇಶದ ಅಡಿಕೆ ಕೆಜಿಗೆ ಅಷ್ಟಕ್ಕಿಂತ ಕಡಿಮೆ ಬೆಲೆಗೆ ಒಳಗೆ ಬರಬಾರದೆಂದು 2023ರಲ್ಲಿ ದಿಲ್ಲಿ ಕಟ್ಟಿದ ಬೇಲಿ. ಅದಕ್ಕೆ ಮೊದಲು 251 ಇತ್ತು. ನನಗೆ ಅನುಮಾನ ಇರುವುದು ಆ ಕೊನೆಯ ಒಂದು ರೂಪಾಯಿ ಬಗ್ಗೆ. ತಜ್ಞರು ಕೂತು ಲೆಕ್ಕ ಹಾಕಿದರೆ 347 ಬಂದೀತು, 362 ಬಂದೀತು. 351 ಅನ್ನುವುದು ಮದುವೆಮನೆ ಮುಯ್ಯಿಯ ಲಕೋಟೆಯಲ್ಲಿ ಮಾತ್ರ ಕಾಣುವ ಅಂಕಿ, ಅಲ್ವಾ?

2001ರ ಏಪ್ರಿಲ್ ನೆನಪಾಗುತ್ತದೆ. ಆಮದಿನ ಪ್ರಮಾಣದ ಮೇಲೆ ಉಳಿದಿದ್ದ ನಿರ್ಬಂಧಗಳನ್ನೂ ಆಗ ಕಿತ್ತರು. ನಮ್ಮಲ್ಲಿ ಎಲ್ಲ ಕಷ್ಟಕ್ಕೂ ‘ಗ್ಯಾಟ್’ ಎಂಬ ವ್ಯಾಪಾರ ಒಪ್ಪಂದದ್ದೊಂದೇ ಹೆಸರು. ದೊಡ್ಡಪ್ಪ ಕೊಳೆರೋಗ ಬಂದರೂ ಗ್ಯಾಟನ್ನೇ ಬೈಯುತ್ತ ಮದ್ದು ಹೊಡೆಸುತ್ತಿದ್ದ.

ಬೇಲಿ ಹಾಕಿದರೆ ಕಂಡಿ ಹುಡುಕುವವರೂ ಹುಟ್ಟುತ್ತಾರಲ್ಲ. ಅಡಿಕೆಯನ್ನು ‘ಹುರಿದ ಅಡಿಕೆ’ ಅಂತ ಬರೆಸಿದರೆ ಸುಂಕದ ಪುಸ್ತಕದಲ್ಲಿ ಅದು ಬೇರೆಯೇ ಅಧ್ಯಾಯ. 351ರ ಕಟ್ಟಳೆ ಅಲ್ಲಿಗೆ ಮುಟ್ಟುತ್ತಿರಲಿಲ್ಲ. 2025ರಲ್ಲಿ ಆ ಕಂಡಿಗೂ ಮುಳ್ಳು ಹಾಕಿದರು ಅನ್ನಿ. “ಅಡಿಕೆ ಹುರ್ಕಂಡು ತಿಂಬವು ಯಾರೋ ಮಾರಾಯ? ಇದೆಂತ ಶೇಂಗಾನಾ?” ಅಂತ ಭಾವನಿಗೆ ನಗು ತಡೆಯಲಿಲ್ಲ. ನಾವು ಬೇಯಿಸುತ್ತೇವೆ, ತೊಗರು ಹಾಕುತ್ತೇವೆ, ಚಾಲಿಯಾದರೆ ತಿಂಗಳ ಮೇಲೆ ಬಿಸಿಲಿಗೆ ಒಡ್ಡುತ್ತೇವೆ. ಹುರಿದದ್ದು ಮಾತ್ರ ಕೇಳಿಲ್ಲ.

ಭೂತಾನಕ್ಕೆ ಕಂಡಿ ಬೇಡ, ನೆಂಟರಲ್ಲವೇ, ಉಣಗೋಲನ್ನೇ ಇಟ್ಟಿದ್ದಾರೆ. ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಬಂಗಾಳದ ಜೈಗಾಂವ್ ಮೂಲಕ ಈ 351ರ ಹಂಗಿಲ್ಲದೆ ಬರಬಹುದು. ಅದೇ ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿಗೆ ಮತ್ತೊಂದು ಬೇಲಿ: 2017ರಿಂದ 500 ರೂಪಾಯಿ. ಅಲ್ಲಿ ಉಣಗೋಲು ಶ್ರೀಲಂಕಾದ ಕಡೆಗೆ, 2,500 ಟನ್ ಸುಂಕವಿಲ್ಲದೆ. ವಿಯೆಟ್ನಾಮಿನ ಮೆಣಸು ಕೊಲಂಬೊದಲ್ಲಿ ಅಂಗಿ ಬದಲಿಸಿ ಬರುತ್ತದೆ ಅನ್ನುವುದು ಬೆಳೆಗಾರರ ಹಳೇ ದೂರು.

ಇಷ್ಟೆಲ್ಲ ಕಾವಲು ಕಾಯುವ ಸರ್ಕಾರಕ್ಕೆ ಮನೆಯೊಳಗೆ ಬೇರೆಯೇ ಮುಖ. ಅಡಿಕೆ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2004ರಲ್ಲೇ ಬರೆದಿಟ್ಟರು. 2013ರಲ್ಲಿ ಬೆಂಗಳೂರು ಗುಟ್ಕಾ ನಿಷೇಧಿಸಿತು. 2019ರಲ್ಲಿ ಇದೇ ಅಡಿಕೆಗೆ ‘ಶಿರಸಿ ಸುಪಾರಿ’ ಅಂತ ಭೌಗೋಳಿಕ ಗುರುತಿನ ಬಿರುದು! ಒಂದು ಕಚೇರಿ ಬೆಳೆದವನ ಬೆನ್ನು ತಟ್ಟುತ್ತದೆ, ಇನ್ನೊಂದು ತಿಂದವನ ಕಿವಿ ಹಿಂಡುತ್ತದೆ. ಎರಡೂ ಸರಿಯೇ ಇರಬಹುದು, ಆದರೆ ಒಬ್ಬರಿಗೊಬ್ಬರು ಮಾತಾಡಿಕೊಂಡ ಹಾಗೆ ಕಾಣುವುದಿಲ್ಲ. ಪೋರ್ಚುಗೀಸರೇ ‘ಮೆಣಸಿನ ರಾಣಿ’ ಅಂದ ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಈ ತಾಪತ್ರಯ ಇರಲಿಲ್ಲ ನೋಡಿ. ತೋಟವೂ ಬಂದರೂ ಒಂದೇ ಮನೆಯ ಲೆಕ್ಕ.

“ಮುಂದಿನ ಸಲ 501 ಮಾಡ್ಲಿ” ಅಂದ ಭಾವ, ಸಂಚಿ ಬಿಚ್ಚುತ್ತ. “ಮುಯ್ಯಿ ಹಾಕವು ಅಂದ್ಮೇಲೆ ಕೈ ಸಣ್ಣ ಮಾಡ್ಲಾಗ.”

ಅಷ್ಟರಲ್ಲಿ ಆಚೆ ಮನೆಯಿಂದ ಅಕ್ಕನ ಕೂಗು. ಅಡಿಕೆ ಬೇಯಿಸುವ ಹಂಡೆ ಉಕ್ಕಿತಂತೆ. ಭಾವ ಬಿದ್ದೆನೋ ಎದ್ದೆನೋ ಅಂತ ಓಡಿದ. ಕವಳದ ಸಂಚಿ ಉಣಗೋಲಿನ ಮೇಲೇ ಉಳಿಯಿತು. ಒಂದು ಹೋಳು ಈಚೆ ಬಂತು, ಸುಂಕ ಗಿಂಕ ಇಲ್ಲದೆ.